ದಾವಣಗೆರೆಯ ಬಿಸಿಲಿಗೆ ನಾರ್ಡಿಕ್ ಮನೆ ಹೊಂದುತ್ತದೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ರಸ್ತೆ ಪಶ್ಚಿಮಕ್ಕಿದೆ. ಗೋಡೆಗಳ ಗಿಲಾವು ಮುಗಿದಿದೆ, ಬಣ್ಣ ಇನ್ನೂ ಆಗಿಲ್ಲ. ಸ್ವೀಡನ್ನಿನಲ್ಲಿ ಎರಡು ವರ್ಷ ಓದಿ ಬಂದ ಮಗಳಿಗೆ ಅಲ್ಲಿಯ ಮನೆಗಳಂತೆ ಸರಳವಾಗಿ, ಪ್ರಕೃತಿಗೆ ಹತ್ತಿರವಾಗಿ ನಮ್ಮ ಮನೆಯೂ ಇರಬೇಕೆಂಬ ಆಸೆ. ಒಳಾಂಗಣದ ಕೆಲಸದವರು ಕೊಟ್ಟ ಅಂದಾಜಿನಲ್ಲಿ ಎಲ್ಲ ಗೋಡೆಗೂ ಅಚ್ಚ ಬಿಳಿ, ಪೈನ್ ಮರದಂತೆ ಕಾಣುವ ಲ್ಯಾಮಿನೇಟ್, ಬೂದು ಬಣ್ಣದ ಸೋಫಾ, ಕೃತಕ ತುಪ್ಪಳದ ಹಾಸು ಮತ್ತು ರಸ್ತೆಯ ಕಡೆಗೆ ಏಳು ಅಡಿ ಎತ್ತರದ ಗಾಜು ಇದೆ. ಚಿತ್ರಗಳನ್ನು ನೋಡಿದ ನಮ್ಮ ಅತ್ತೆಯವರು "ಇದೇನು ಆಸ್ಪತ್ರೆ ವಾರ್ಡೇ?" ಎಂದರು. ಒಳಾಂಗಣಕ್ಕೆಂದು ಎರಡೂವರೆ ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ನಾರ್ಡಿಕ್ ಎಂದು ಕರೆಯುವ, ಉತ್ತರ ಯುರೋಪಿನ ದೇಶಗಳ ಈ ಶೈಲಿ ನಮ್ಮೂರಿಗೆ ಹೊಂದುತ್ತದೆಯೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಮೊದಲು ಆ ಏಳು ಅಡಿ ಗಾಜಿನ ವಿಚಾರ ಮುಗಿಸೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಉಳಿದ ಭಾಗಕ್ಕೆಲ್ಲ ಉತ್ತರ ಅದರಲ್ಲೇ ಅಡಗಿದೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮೂರನೆಯ ವಾರದಲ್ಲಿ ಅಲ್ಲಿ ಹಗಲು ಸುಮಾರು ಆರು ಗಂಟೆ ಮಾತ್ರ. ನಡುಮಧ್ಯಾಹ್ನದಲ್ಲಿಯೂ ಸೂರ್ಯ ದಿಗಂತದಿಂದ ಸುಮಾರು ಏಳು ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ, ಅಂದರೆ ನಮ್ಮಲ್ಲಿ ಹೊತ್ತು ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಇರುವಷ್ಟು ಎತ್ತರ. ಅಂಥ ಸೂರ್ಯನನ್ನು ಮನೆಯೊಳಕ್ಕೆ ಕರೆಯಲು ದೊಡ್ಡ ಗಾಜು ಬೇಕು, ಒಳಗೆ ಬಂದ ಆ ಒಂದಿಷ್ಟು ಬೆಳಕನ್ನು ಮೂಲೆಮೂಲೆಗೂ ಹಂಚಲು ಬಿಳಿಯ ಗೋಡೆ, ತಿಳಿಬಣ್ಣದ ಮರದ ನೆಲ ಬೇಕು. ದಾವಣಗೆರೆ ಇರುವುದು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ವರ್ಷಕ್ಕೆ ಎರಡು ಬಾರಿ, ಸೂರ್ಯ ನಿಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಡಿಸೆಂಬರಿನಲ್ಲಿಯೂ ಮಧ್ಯಾಹ್ನ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ ಅವನ ಎತ್ತರ ಸುಮಾರು 30 ಡಿಗ್ರಿ. ಆ ಹೊತ್ತಿಗೆ ಎರಡು ಅಡಿ ಸಜ್ಜಾದ ನೆರಳು ನಿಮ್ಮ ಪಶ್ಚಿಮದ ಗಾಜಿನ ಮೇಲೆ ಒಂದು ಅಡಿಗಿಂತ ತುಸು ಹೆಚ್ಚು ಮಾತ್ರ ಬೀಳುತ್ತದೆ, ಉಳಿದ ಆರು ಅಡಿಯ ಮೂಲಕ ಬಿಸಿಲು ನೇರವಾಗಿ ಸೋಫಾದ ಮೇಲೆ ಬಂದು ಕೂರುತ್ತದೆ. ಆಮೇಲೆ ಎಷ್ಟೇ ದಪ್ಪ ಪರದೆ ಎಳೆದರೂ ಶಾಖ ಆಗಲೇ ಗಾಜನ್ನು ದಾಟಿ ಒಳಗೆ ಬಂದಿರುತ್ತದೆ.

ನಿಮಗೆ ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ಇದೇ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ ಒಂದು ಮನೆಗೆ, ವಿದೇಶಿ ಪತ್ರಿಕೆಯೊಂದರ ಪುಟವನ್ನು ಮುಂದಿಟ್ಟುಕೊಂಡು, ಬಿಳಿಯ ಗೋಡೆ, ಬಿಳಿಯ ನುಣುಪು ಟೈಲ್ಸ್, ಪಶ್ಚಿಮಕ್ಕೆ ಅಗಲವಾದ ಗಾಜು ಹಾಕಿಸಿದೆ. ಗೃಹಪ್ರವೇಶ ಆದದ್ದು ಶ್ರಾವಣದಲ್ಲಿ. ಮೋಡದ ಬೆಳಕಿನಲ್ಲಿ ಮನೆ ಬಹಳ ಚೆನ್ನಾಗಿ ಕಂಡಿತು, ನಾಲ್ಕು ಜನ ಹೊಗಳಿದರು, ನಾನೂ ಬೀಗಿದೆ. ಮರುವರ್ಷ ಮೇ ತಿಂಗಳಲ್ಲಿ ಬೇರೆ ಯಾವುದೋ ಕೆಲಸಕ್ಕೆ ಆ ಬೀದಿಗೆ ಹೋದಾಗ ನೋಡಿದರೆ, ಆ ಗಾಜಿಗೆ ಹೊರಗಿನಿಂದ ಕಾಣುವಂತೆ ಹೂವಿನ ಚಿತ್ರದ ಹಳೆಯ ಬೆಡ್‌ಶೀಟನ್ನು ಬಟ್ಟೆ ಕ್ಲಿಪ್ಪುಗಳಿಂದ ಕಟ್ಟಿದ್ದರು. ಒಳಗೆ ಹೋದೆ. ಮನೆಯ ಯಜಮಾನಿ ಕಣ್ಣು ಕಿರಿದಾಗಿಸಿಕೊಂಡು ಅಕ್ಕಿ ಆರಿಸುತ್ತಿದ್ದರು. ಹಾಲಿನಲ್ಲಿ ಕೂರಲಾಗದೆ ಅಡುಗೆಮನೆಯ ಹೊಸ್ತಿಲಿಗೆ ಜರುಗಿ ಕೂತಿದ್ದರು. ಬಿಳಿಯ ಗೋಡೆಯ ಮೇಲೆ ಸ್ವಿಚ್ಚುಗಳ ಸುತ್ತ ಬೆರಳಿನ ಕಪ್ಪು, ಸೋಫಾದ ಹಿಂದೆ ತಲೆ ಒರಗಿದ ಎತ್ತರಕ್ಕೆ ಎಣ್ಣೆಯ ಪಟ್ಟಿ, ಕಿಟಕಿಯ ಕೆಳಗೆ ಗಾಳಿ ತಂದು ಹಾಕಿದ ಕೆಂಪು ದೂಳಿನ ಗೆರೆ. ಅವರು ನನಗೆ ಏನೂ ಅನ್ನಲಿಲ್ಲ, ಮಜ್ಜಿಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಇನ್ನು ನಿಮ್ಮ ಅತ್ತೆಯವರ ಮಾತು. ನಾರ್ಡಿಕ್ ಶೈಲಿ ಎಂದು ನಾವು ಇಂದು ಗುರುತಿಸುವುದರಲ್ಲಿ ಒಂದು ಪಾಲು ಹುಟ್ಟಿದ್ದೇ ಆಸ್ಪತ್ರೆಯಲ್ಲಿ. ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರು ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳಿಗಾಗಿ ಕಟ್ಟಿದ ಚಿಕಿತ್ಸಾಲಯವು 1933ರಲ್ಲಿ ಪೂರ್ಣಗೊಂಡಿತು. ಬಾಗಿಸಿದ ಮರದ ಅವರ ಪ್ರಸಿದ್ಧ ಕುರ್ಚಿ ಅದಕ್ಕೆಂದೇ ರೂಪುಗೊಂಡದ್ದು. ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ. ಹಾಸಿಗೆಯಲ್ಲಿ ಮಲಗಿದ ರೋಗಿ ಇಡೀ ದಿನ ನೋಡುವುದು ಚಾವಣಿಯನ್ನು ಎಂಬುದನ್ನು ಯೋಚಿಸಿ ಅವರು ಅಲ್ಲಿಯ ಚಾವಣಿಗಳಿಗೆ ಬಿಳಿಯ ಬದಲು ಗಾಢವಾದ, ಕಣ್ಣಿಗೆ ತಂಪಾದ ಹಸಿರು ಛಾಯೆ ಕೊಟ್ಟರು. ದೀಪ ಮಲಗಿದವರ ಕಣ್ಣಿಗೆ ಹೊಡೆಯದಂತೆ ಇಟ್ಟರು. ಪಕ್ಕದ ಹಾಸಿಗೆಯವರ ನಿದ್ದೆ ಕೆಡದಿರಲೆಂದು ನೀರು ಬಿದ್ದರೆ ಸದ್ದಾಗದ ಇಳಿಜಾರಿನ ಬೇಸಿನ್ ಮಾಡಿಸಿದರು. ಆ ಆಸ್ಪತ್ರೆಗಿಂತ ನಿಮ್ಮ ಮನೆಯ ಅಂದಾಜುಪಟ್ಟಿಯೇ ಹೆಚ್ಚು ಬಿಳಿಯಾಗಿದೆ. ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ಕೂತು, ಏನನ್ನು ನೋಡುತ್ತಾರೆ ಎಂದು ಮೊದಲು ಕೇಳಿ ಆಮೇಲೆ ಬಣ್ಣ, ಮರ, ದೀಪ ಆರಿಸುವ ಆ ರೀತಿಯನ್ನು ನೀವು ತೆಗೆದುಕೊಳ್ಳಬೇಕೆಂಬುದು ನನ್ನ ಸಲಹೆ. ಬಣ್ಣದ ಪಟ್ಟಿಯನ್ನು ಅಲ್ಲಿಯೇ ಬಿಡಿ.

ಬಣ್ಣದ ವಿಚಾರದಲ್ಲಂತೂ ನಮಗೆ ತಲುಪಿದ ಚಿತ್ರವೇ ಅರ್ಧಂಬರ್ಧ. ಸ್ವೀಡನ್ನಿನ ಮನೆ ಎಂದರೆ ಬಿಳಿ ಮತ್ತು ಬೂದು ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ಆ ದೇಶದವರು ತಮ್ಮ ಮಾದರಿ ಮನೆ ಎಂದು ತೋರಿಸುವ ಸುಂಡ್‌ಬಾರ್ನ್ ಹಳ್ಳಿಯ ಮನೆಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಅವರ ಪತ್ನಿ ಕರಿನ್ ಲಾರ್ಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಂಗರಿಸಿದ ಆ ಮನೆಯೊಳಗೆ ಕೆಂಪು ಇದೆ, ಹಸಿರು ಇದೆ, ಕರಿನ್ ತಾವೇ ನೇಯ್ದ ಬಣ್ಣಬಣ್ಣದ ಬಟ್ಟೆಗಳಿವೆ. ಅದರ ಸಮೀಪದಲ್ಲೇ ಫಾಲುನ್ ಎಂಬ ಊರಿದೆ. ಶತಮಾನಗಳ ಕಾಲ ನಡೆದು 1992ರಲ್ಲಿ ಮುಚ್ಚಿದ ತಾಮ್ರದ ಗಣಿ ಅಲ್ಲಿಯದು. ಆ ಗಣಿಯ ತ್ಯಾಜ್ಯದಲ್ಲಿರುವ ಕಬ್ಬಿಣದ ಆಕ್ಸೈಡನ್ನು ನೀರು, ಧಾನ್ಯದ ಹಿಟ್ಟು, ಅಗಸೆ ಎಣ್ಣೆಯೊಂದಿಗೆ ಕುದಿಸಿ ಮಾಡುವ ಕೆಂಪು ಬಣ್ಣವೇ ಸ್ವೀಡನ್ನಿನ ಹಳ್ಳಿಮನೆಗಳ ಹೊರಗೋಡೆಯ ಬಣ್ಣ. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿಯೂ ತಾಮ್ರದ ಗಣಿಯಿತ್ತು. ಕಬ್ಬಿಣದ ಆಕ್ಸೈಡ್ ತುಂಬಿದ ಕೆಮ್ಮಣ್ಣು ನಮ್ಮ ಹೊಲಗಳಲ್ಲೇ ಬಿದ್ದಿದೆ. ಅದೇ ಜಾಜನ್ನು ಕಲಸಿ ನಮ್ಮ ಅಜ್ಜಿಯರು ಹಬ್ಬದ ಹಿಂದಿನ ದಿನ ಕಟ್ಟೆಗೆ, ಗೋಡೆಯ ಬುಡಕ್ಕೆ ಬಳಿಯುತ್ತಿದ್ದರು. ಹಿಮ, ಭೂರ್ಜ ಮರದ ಬಿಳಿತೊಗಟೆ, ಕಡಲ ಬೂದು, ಗಣಿಯ ಕೆಂಪು ಇವೆಲ್ಲ ಅವರ ಮನೆಯ ಹೊರಗೆ ಇದ್ದವು, ಹಾಗಾಗಿ ಒಳಗೆ ಬಂದವು. ನಿಮ್ಮ ಮನೆಯ ಹೊರಗೆ ಇರುವುದು ಜೋಳದ ಕೂಳೆಯ ಬಣ್ಣ, ಕಾವಲಿನ ಒಣಹುಲ್ಲು, ಎರೆಮಣ್ಣು, ದುರ್ಗದ ಬಂಡೆಯ ಮಾಸಲು ಕಂದು. ನಿಮ್ಮ ಗೋಡೆಗೆ ಛಾಯೆಗಳನ್ನು ಇದರಿಂದ ಆರಿಸಿ.

ಗೋಡೆಗೆ ಬಣ್ಣ ಇನ್ನೂ ಆಗಿಲ್ಲ ಎಂದು ಬರೆದಿದ್ದೀರಿ, ಇದು ಅದೃಷ್ಟ. ಪುಟ್ಟಿ, ಪ್ರೈಮರ್ ಬಿದ್ದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತದೆ. ಬರಿಯ ಗಿಲಾವಿನ ಮೇಲೆ ಮಾತ್ರ ಅದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಕನಿಷ್ಠ ಹಾಲಿಗೆ ಮತ್ತು ಒಂದು ಕೋಣೆಗೆ ಸುಣ್ಣವನ್ನೇ ಬಳಸಿ ನೋಡಿ. ಚೆನ್ನಾಗಿ ಅರಳಿ ಕೆಲವು ದಿನ ನೀರಿನಲ್ಲಿ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿಸಿ, ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ಮೂರು ಕೈ ಹೊಡೆಸಬೇಕು. ದಪ್ಪಗೆ ಒಂದೇ ಕೈ ಹೊಡೆದು ಮುಗಿಸುತ್ತೇವೆ ಎನ್ನುವವರಿಗೆ ಈ ಕೆಲಸ ಕೊಡಬೇಡಿ, ಅದು ಒಣಗುವಾಗ ಬಿರಿಯುತ್ತದೆ. ಸುಣ್ಣಕ್ಕೆ ಹಳದಿ ಮಣ್ಣನ್ನು ಅಳತೆ ಮಾಡಿ ಸ್ವಲ್ಪವೇ ಬೆರೆಸಿದರೆ ಕೆನೆಹಾಲಿನ ಬಣ್ಣ ಬರುತ್ತದೆ. ಚಿಟಿಕೆ ಜಾಜು ಸೇರಿದರೆ ಬಂಡೆಯ ಬಣ್ಣಕ್ಕೆ ಹತ್ತಿರವಾಗುತ್ತದೆ. ಹಸಿಯಾಗಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುವುದರಿಂದ ಎರಡು ಅಡಿ ಜಾಗದಲ್ಲಿ ಹೊಡೆಸಿ, ಮರುದಿನ ಬೆಳಗ್ಗೆಯೂ ಸಂಜೆಯೂ ನೋಡಿ ಆಮೇಲೆ ಒಪ್ಪಿಕೊಳ್ಳಿ. ಸುಣ್ಣದ ಗೋಡೆಯ ಮೇಲೆ ಬಿಸಿಲು ಮಿರುಗುವುದಿಲ್ಲ, ಹರಡುತ್ತದೆ. ನಾರ್ಡಿಕ್ ಚಿತ್ರಗಳಲ್ಲಿ ನಿಮ್ಮ ಮಗಳಿಗೆ ಹಿಡಿಸಿರುವುದು ಬಹುಶಃ ಈ ಮೆದುತನವೇ. ಅದಕ್ಕೆ ಒರಗಿ ಕೂತರೆ ಬಟ್ಟೆಗೆ ಪುಡಿ ಹತ್ತುತ್ತದೆ ಎಂಬ ದೂರು ನ್ಯಾಯವಾದದ್ದು. ಹಾಗಾಗಿ ಕೂರುವ ಕಡೆ, ನೆಲದಿಂದ ಮೂರು ಅಡಿ ಎತ್ತರದವರೆಗೆ ಮರದ ಹಲಗೆಯನ್ನೋ ತೊಳೆಯಬಹುದಾದ ಮಣ್ಣಿನ ಬಣ್ಣದ ಪೇಂಟನ್ನೋ ಕೊಡಿ.

ಅಚ್ಚ ಬಿಳಿಯನ್ನು ನೀವು ಬಳಿಯಲೇಬೇಕಾದ ಒಂದು ಜಾಗವಿದೆ: ತಾರಸಿಯ ಮೇಲ್ಭಾಗ. ಹಿಂದೆ ಈ ಸೀಮೆಯ ಮಾಳಿಗೆ ಮನೆಗಳ ಮೇಲೆ ದಪ್ಪನೆಯ ಮಣ್ಣು ಇದ್ದುದರಿಂದ ಶಾಖ ಕೆಳಗಿಳಿಯುವ ಹೊತ್ತಿಗೆ ರಾತ್ರಿಯಾಗಿ ಹೊರಗೆ ತಂಪಾಗಿರುತ್ತಿತ್ತು. ಐದು ಇಂಚಿನ ಕಾಂಕ್ರೀಟು ಆ ಸೌಭಾಗ್ಯ ಕೊಡುವುದಿಲ್ಲ. ತಾರಸಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನವನ್ನೋ ಬಿಳಿಯ ಪಿಂಗಾಣಿ ಚೂರಿನ ಹಾಸನ್ನೋ ಮಾಡಿಸಿದರೆ ಕೆಳಗಿನ ಕೋಣೆಯ ವ್ಯತ್ಯಾಸ ಮೊದಲ ಬೇಸಿಗೆಯಲ್ಲೇ ತಿಳಿಯುತ್ತದೆ.

ಗಾಜು ಬೇಡವೆಂದರೆ ಬೆಳಕು ಎಲ್ಲಿಂದ ಬರಬೇಕು? ಅಕ್ಕಪಕ್ಕದ ಮನೆಗಳಿಗೆ ಅಂಟಿದಂತಿರುವ ಮೂವತ್ತು–ನಲವತ್ತರ ಸೈಟಿನಲ್ಲಿ ಇದು ನಿಜವಾದ ಸಮಸ್ಯೆ. ಇದಕ್ಕೆ ನಮ್ಮ ಹಳೆಯ ಅಂಕಣದ ಮನೆಗಳ (ಕಂಬಗಳ ನಡುವಿನ ಜಾಗವೇ ಅಂಕಣ) ಗವಾಕ್ಷಿ ದಾರಿ ತೋರಿಸುತ್ತದೆ. ಜಗಳೂರು ಕಡೆಯ ಹಳೆಯ ಮನೆಗಳಲ್ಲಿ ನೀವೂ ಕಂಡಿರಬಹುದು: ಕಿಟಕಿಯೇ ಇಲ್ಲದಷ್ಟು ದಪ್ಪ ಗೋಡೆಯ ನಡುಮನೆ, ಮೇಲಿನ ಒಂದು ಬೆಳಕಿಂಡಿಯಿಂದ ಬೆಳಕು ಕೋಲಿನಂತೆ ಇಳಿದು, ನೆಲದ ಮೇಲೆ ಬಿದ್ದು, ಅಲ್ಲಿಂದ ಗೋಡೆಗಳಿಗೆ ಹಾರಿ ಇಡೀ ಅಂಕಣವನ್ನು ತುಂಬುತ್ತದೆ, ಬೆಳಕಿದೆ, ಝಳವಿಲ್ಲ. ನಿಮ್ಮ ಮನೆಯಲ್ಲಿ ಆ ಕೆಲಸವನ್ನು ಮೆಟ್ಟಿಲ ಮೇಲಿನ ಕೋಣೆ ಮಾಡಬಲ್ಲದು. ಅದರ ಉತ್ತರದ ಗೋಡೆಯಲ್ಲಿ ಎತ್ತರಕ್ಕೆ ಅಗಲವಾದ ಕಿಟಕಿಯಿಡಿಸಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುವುದರಿಂದ ಅಲ್ಲಿಗೂ ಒಂದೂವರೆ ಅಡಿ ಸಜ್ಜಾ ಬೇಕು. ಆ ಕಿಟಕಿ ತೆರೆಯುವಂತಿದ್ದರೆ ಬಿಸಿಗಾಳಿಯೂ ಅದರಿಂದಲೇ ಹೊರಟುಹೋಗುತ್ತದೆ.

ಪಶ್ಚಿಮದ ಗೋಡೆಗೆ ನಾಲ್ಕಡಿ ಎತ್ತರದ ಸಾಮಾನ್ಯ ಕಿಟಕಿ ಸಾಕು, ಅದಕ್ಕೆ ನೆರಳು ಹೊರಗಿನಿಂದ ಬರಲಿ. ಓರೆಯಾಗಿ ಬರುವ ಬಿಸಿಲಿಗೆ ಅಡ್ಡ ಸಜ್ಜಾಕ್ಕಿಂತ ನೆಟ್ಟಗಿನ ಮರೆ ಮೇಲು. ಗೇಟಿನ ಬದಿಗೆ ಒಂದು ಹೊಂಗೆ ಗಿಡ ನೆಡಿ. ಅದು ದೊಡ್ಡದಾಗುವವರೆಗೆ ಬಿದಿರಿನ ತಟ್ಟಿ ಕಟ್ಟಿ ಹೀರೆಯನ್ನೋ ಅವರೆಯನ್ನೋ ಹಬ್ಬಿಸಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಗಾಳಿ ಒಣಗಿರುವುದರಿಂದ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ನಿಜವಾಗಿಯೂ ತಂಪಾಗುತ್ತದೆ. ಮುಂಗಾರು ಹತ್ತಿದ ಮೇಲೆ ಅದೇ ತಟ್ಟಿಯಿಂದ ಸೆಕೆ ಹೆಚ್ಚುವುದರಿಂದ ಜೂನ್‌ನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ.

ಮರದ ಬಗ್ಗೆ ನನಗೆ ಸ್ವಲ್ಪ ಹಟವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪೈನ್‌ನಂತೆ ಕಾಣುವ ಲ್ಯಾಮಿನೇಟ್ ಎಂದರೆ ಪೈನ್ ಮರದ ಛಾಯಾಚಿತ್ರ; ಪ್ರಕೃತಿಯನ್ನು ಮನೆಗೆ ತರಬೇಕೆಂದು ಕೇಳಿದವರಿಗೆ ಅದರ ಫೋಟೊ ಕೊಟ್ಟಂತೆ. ಫಿನ್‌ಲೆಂಡಿನ ನೆಲದ ಸುಮಾರು ಮುಕ್ಕಾಲು ಭಾಗ ಕಾಡು. ಭೂರ್ಜ, ಪೈನ್ ಅವರಿಗೆ ನಮಗೆ ಕಲ್ಲು ಸಿಕ್ಕಂತೆ ಸಿಗುತ್ತವೆ. ನಿಮಗೆ ತಿಳಿಬಣ್ಣದ ಮರವೇ ಬೇಕಿದ್ದರೆ ಸಿಲ್ವರ್ ಓಕ್ ಇದೆ, ಈಗ ನಮ್ಮ ರೈತರೇ ಬೆಳೆಯುತ್ತಿರುವ ಹೆಬ್ಬೇವು ಇದೆ. ಗೆದ್ದಲಿನ ಭಯವಿರುವ ಕಡೆ ಬೇವು, ಹಳೆಯ ಮನೆ ಕೆಡವಿದಾಗ ಸಿಗುವ ತೇಗದ ತೊಲೆ, ಬಾಗಿಲುಗಳು ವಾಸಿ. ಅಂಥ ತೊಲೆಯನ್ನು ಸೀಳಿಸಿ, ಮೇಲಿನ ಎಣ್ಣೆಮಸಿಯನ್ನು ಉಜ್ಜಿಸಿದಾಗ ಒಳಗಿನಿಂದ ಬರುವ ಜೇನಿನ ಬಣ್ಣಕ್ಕೆ ಯಾವ ಲ್ಯಾಮಿನೇಟೂ ಸರಿಸಾಟಿಯಲ್ಲ. ಹೊಳೆಯುವ ಪಾಲಿಶ್ ಬದಲು ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿಸಿ. ಇಲ್ಲೊಂದು ಎಚ್ಚರಿಕೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾದು ಬೆಂಕಿ ಹತ್ತಿಕೊಳ್ಳಬಹುದು. ಕೆಲಸ ಮುಗಿದೊಡನೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವುವಂತೆ ಬಡಗಿಗೆ ಹೇಳಿ, ಹೇಳಿದ ಮೇಲೆ ನೀವೂ ನೋಡಿ.

ಪೀಠೋಪಕರಣ ಕಡಿಮೆಯಿರಲಿ, ಇರುವುದು ಕಾಲಿನ ಮೇಲೆ ನಿಂತಿರಲಿ. ಡೆನ್ಮಾರ್ಕ್, ಸ್ವೀಡನ್ನಿನ ಸೋಫಾ, ಬೀರುಗಳು ನೆಲದಿಂದ ಅರ್ಧ ಅಡಿ ಮೇಲಿರುವುದು ನಮ್ಮ ಕಸಪೊರಕೆಗೂ ಒರೆಸುವ ಬಟ್ಟೆಗೂ ಬಹಳ ಅನುಕೂಲ. ನೀರು ಹಾಕಿ ನೆಲ ತೊಳೆಯುವ ಮನೆಗಳಲ್ಲಿ, ನೆಲಕ್ಕೆ ಅಂಟಿದ ಒತ್ತುಹಲಗೆಯ (ಪಾರ್ಟಿಕಲ್ ಬೋರ್ಡಿನ) ಕಪಾಟು ಎರಡು ವರ್ಷದಲ್ಲಿ ಬುಡದಿಂದ ಊದಿಕೊಳ್ಳುವುದನ್ನು ನೀವೇ ನೋಡಿರುತ್ತೀರಿ. ಅವರ ತೆರೆದ ಶೆಲ್ಫುಗಳು ಮಾತ್ರ ನಮಗೆ ಬೇಡ, ನಮ್ಮ ದೂಳು ಅವನ್ನು ವಾರಕ್ಕೆ ಎರಡು ಸಲ ಒರೆಸುವಂತೆ ಮಾಡುತ್ತದೆ. ಬೆತ್ತದ ಜಾಲರಿಯ ಬಾಗಿಲಿಟ್ಟರೆ ಗಾಳಿಯೂ ಆಡುತ್ತದೆ. ಕುರ್ಚಿಗಳ ವಿಷಯದಲ್ಲಿ ಒಂದು ಸಣ್ಣ ಕುತೂಹಲ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿದ, ಈಗ ಜಗತ್ತಿನಾದ್ಯಂತ ನಕಲಾಗುವ ಕುರ್ಚಿಯ ಆಸನವನ್ನು ಸುಮಾರು 120 ಮೀಟರ್ ಕಾಗದದ ಹುರಿಯಿಂದ ಕೈಯಲ್ಲೇ ಹೆಣೆಯುತ್ತಾರೆ. ಹುರಿಯ ಹೆಣಿಗೆ ಮೈಭಾರಕ್ಕೆ ತಕ್ಕಂತೆ ಬಾಗುತ್ತದೆ, ಬೆವರು ನಿಲ್ಲುವುದಿಲ್ಲ. ನಮ್ಮ ನುಲಿಯ ಹೊರಸಿನ ಗುಣವೂ ಇದೇ. ಬೂದು ಬಣ್ಣದ ದಪ್ಪ ಬಟ್ಟೆಯ ಸೋಫಾದ ಹಣದಲ್ಲಿ ಹುರಿ ಹೆಣೆದ ಒಂದು ಉದ್ದನೆಯ ಬೆಂಚು, ಕೈಯಿರುವ ಎರಡು ಕುರ್ಚಿ ಮಾಡಿಸಬಹುದು. ಅತ್ತೆಯವರಿಗಾಗಿ ಆಸನದ ಎತ್ತರ 45 ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ತಗ್ಗಿನ ಸೋಫಾದಿಂದ ಏಳುವ ಕಷ್ಟ ಮಂಡಿನೋವಿದ್ದವರಿಗೇ ಗೊತ್ತು.

ಅಲ್ಲಿ ಮರ ಹೇಗೋ ಇಲ್ಲಿ ಕಲ್ಲು ಹಾಗೆ. ಆದ್ದರಿಂದ ಹೊಳಪಿಲ್ಲದ, ಒರಟು ಮೈಯ ಒಂದು ಕಲ್ಲುಚಪ್ಪಡಿಯನ್ನು ಕಿಟಕಿಯ ಕೆಳಗೆ ಕಟ್ಟೆಯಂತೆ ಹಾಕಿಸಿ. ಬೇಸಿಗೆಯ ಮಧ್ಯಾಹ್ನ ಮನೆಯವರೆಲ್ಲ ಸೋಫಾ ಬಿಟ್ಟು ಅದರ ಮೇಲೆ ಬಂದು ಕೂರುತ್ತಾರೆ, ಇದಕ್ಕೆ ನನ್ನ ಮನೆಯೇ ಸಾಕ್ಷಿ.

ಇಷ್ಟೆಲ್ಲದರಲ್ಲಿ ನಾರ್ಡಿಕ್ ಮನೆಗಳಿಂದ ನಾವು ಬದಲಾವಣೆಯಿಲ್ಲದೆ, ಇದ್ದಂತೆಯೇ ತರಬೇಕಾದದ್ದು ಒಂದೇ, ಅದು ರಾತ್ರಿಯ ಬೆಳಕು. ಈ ವಿಷಯದಲ್ಲಿ ಅವರು ನಮಗಿಂತ ಬಹಳ ಮುಂದಿದ್ದಾರೆ, ಏಕೆಂದರೆ ಅರ್ಧ ವರ್ಷ ಅವರು ದೀಪದಲ್ಲೇ ಬದುಕುತ್ತಾರೆ. ನಮ್ಮ ಮನೆಗಳಲ್ಲಿ ಗೋಡೆಯ ಮೇಲ್ಗಡೆ ಒಂದು ಟ್ಯೂಬ್‌ಲೈಟು, 6500 ಕೆಲ್ವಿನ್ನಿನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ನೀಲಿಬಿಳುಪು. ಅದರ ಕೆಳಗೆ ಕಡುಬು, ಹೋಳಿಗೆಯ ಬಣ್ಣವೂ ಪೇಲವ, ಮನುಷ್ಯರ ಮುಖವೂ ಪೇಲವ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ 1920ರ ದಶಕದಲ್ಲಿ ಒಂದರ ಕೆಳಗೊಂದು ಮೂರು ಮುಚ್ಚಳಗಳಿರುವ ದೀಪವನ್ನು ರೂಪಿಸಿದರು. ಬಲ್ಬು ಎಲ್ಲಿಂದ ನೋಡಿದರೂ ಕಣ್ಣಿಗೆ ಬೀಳಬಾರದು, ಅದು ಬೆಳಗಿಸಿದ ವಸ್ತು ಮಾತ್ರ ಕಾಣಬೇಕು ಎಂಬುದು ಅದರ ಲೆಕ್ಕ. ನೀವು ಆ ದೀಪ ಕೊಳ್ಳಬೇಕಿಲ್ಲ. ಕೋಣೆಗೊಂದು ದೊಡ್ಡ ದೀಪದ ಬದಲು ನಾಲ್ಕೈದು ಸಣ್ಣ ದೀಪ, ಎಲ್ಲವೂ 2700ರಿಂದ 3000 ಕೆಲ್ವಿನ್ನಿನ ಬೆಚ್ಚನೆಯ ಎಲ್‌ಇಡಿ, ಎಲ್ಲವೂ ಕಣ್ಣಿನ ಎತ್ತರಕ್ಕಿಂತ ಕೆಳಗೆ ಅಥವಾ ಮರೆಯಲ್ಲಿ: ಇಷ್ಟು ಪಾಲಿಸಿ. ಅಡುಗೆಕಟ್ಟೆಗೆ, ಓದುವ ಮೇಜಿಗೆ ಮಾತ್ರ ಪ್ರಕಾಶ ಹೆಚ್ಚಿರಲಿ. ಊಟದ ಮೇಜಿನ ಮೇಲೆ ದೀಪವನ್ನು ಮೇಜಿನಿಂದ 60–70 ಸೆಂಟಿಮೀಟರ್ ಎತ್ತರಕ್ಕೆ ಇಳಿಬಿಡಿ. ಎಲ್ಲರ ಮುಖಕ್ಕೂ ಬೆಳಕು ಸಿಗುತ್ತದೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಮೇದಾರರು ಹೆಣೆದ ಬಿದಿರಿನ ಬುಟ್ಟಿಯನ್ನು ಮಗುಚಿದರೆ ಅದಕ್ಕೆ ಒಳ್ಳೆಯ ಮುಚ್ಚಳವಾಗುತ್ತದೆ. ಹಾಗೆಯೇ ತೂಗಿದರೆ ಹೆಣಿಗೆಯ ಸಂದುಗಳಿಂದ ಬೆಳಕು ಪಟ್ಟೆಪಟ್ಟೆಯಾಗಿ ಗೋಡೆಯ ಮೇಲೂ ತಟ್ಟೆಯ ಮೇಲೂ ಬಿದ್ದು ತಲೆ ತಿರುಗಿಸುತ್ತದೆ. ಒಳಮೈಗೆ ತೆಳು ಖಾದಿಯನ್ನು ಹಚ್ಚಿಸಿ, ಆಗ ಸಂದುಗಳು ಬೆಳಗುತ್ತವೆಯೇ ಹೊರತು ಬೆಳಕನ್ನು ಎಸೆಯುವುದಿಲ್ಲ.

ಒಂದೆರಡು ಗೋಡೆಗಳಲ್ಲಿ ಗೂಡು ಬಿಡಿಸಲು ಇನ್ನೂ ಅವಕಾಶವಿದ್ದರೆ ಬಿಡಿಸಿ. ಅಂಗೈ ಅಗಲದ ಗೂಡಿನೊಳಗೆ ಎಣ್ಣೆದೀಪ ಇಟ್ಟಾಗ ಮೂರು ಕಡೆಯ ಸುಣ್ಣದ ಗೋಡೆಯೇ ಅದರ ಪ್ರತಿಫಲಕವಾಗುತ್ತದೆ, ಬತ್ತಿಯ ಹೊಗೆ ಗೂಡಿನ ನೆತ್ತಿಗೆ ಎಲೆಯಾಕಾರದ ಒಂದು ಕಪ್ಪು ಗುರುತು ಬರೆಯುತ್ತದೆ. ಆ ಗುರುತನ್ನು ಅಳಿಸಲು ನಮ್ಮ ಅಜ್ಜಿ ಬಿಡುತ್ತಿರಲಿಲ್ಲ. ಡೆನ್ಮಾರ್ಕಿನವರು ಬಹಳ ಕೊಂಡಾಡುವ ಬೆಚ್ಚನೆಯ ನೆಮ್ಮದಿ ಕಾರ್ತಿಕದ ಸಂಜೆ ಆ ಗೂಡಿನ ಮುಂದೆಯೂ ಸಿಗುತ್ತದೆ.

ಬಟ್ಟೆಯ ವಿಚಾರಕ್ಕೆ ಬಂದರೆ ಕೃತಕ ತುಪ್ಪಳದ ಹಾಸನ್ನು ಅಂದಾಜಿನಿಂದ ಈಗಲೇ ಹೊಡೆದುಹಾಕಿ. ನಮ್ಮ ದೂಳನ್ನು ಅದು ಹೀರಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ನೆಲಕ್ಕೆ ಒಗೆಯಲು ಬರುವ ನವಲಗುಂದದ ಜಮಖಾನ ಸಾಕು. ಕುರಿಯ ಉಣ್ಣೆ ಬೇಕೆಂದರೆ ಚಳ್ಳಕೆರೆಯ ಕಂಬಳಿಗಿಂತ ಬೇರೆ ಬೇಕೇ? ಬಣ್ಣ ಹಾಕದ ಕರಿ, ಕಂದು ಉಣ್ಣೆ. ಹುಣಸೆ ಬೀಜದ ಅಂಬಲಿ ಕುಡಿದು ಬಿಗಿಯಾದ ಎಳೆ. ಹೊಸತರಲ್ಲಿ ಮೈಗೆ ಚುಚ್ಚುತ್ತದೆ, ಮಳೆಗಾಲದಲ್ಲಿ ಕುರಿಮಂದೆಯ ವಾಸನೆ ಸ್ವಲ್ಪ ಬರುತ್ತದೆ, ಅದನ್ನೂ ಹೇಳಿಬಿಡಬೇಕು. ಅದನ್ನು ಬೆಂಚಿನ ಒರಗಿಗೆ ಮಡಿಸಿ ಹಾಕಿ ಅಥವಾ ಹಾಲಿನ ಗೋಡೆಗೆ ತೂಗುಹಾಕಿ. ಕಾಂಕ್ರೀಟ್ ಮನೆಯ ಪ್ರತಿಧ್ವನಿಯೂ ತಗ್ಗುತ್ತದೆ. ಕಾಲಡಿಗೆ ಹಾಸುವ ಮುನ್ನ ಮನೆಯ ಹಿರಿಯರನ್ನು ಕೇಳಿ, ಕಂಬಳಿಯನ್ನು ದೇವರ ಗದ್ದುಗೆಗೆ ಹಾಸುವ ಮನೆಗಳಲ್ಲಿ ಅದನ್ನು ತುಳಿಯುವುದಿಲ್ಲ. ಶಾಂತವಾದ ಆ ಬಣ್ಣಗಳ ನಡುವೆ ಒಂದೇ ಒಂದು ಕೌದಿ ಇರಲಿ. ಸ್ವೀಡನ್ನಿನಲ್ಲಿ ನೆಲೆಸಿದ ವಿನ್ಯಾಸಕಾರ ಯೋಸೆಫ್ ಫ್ರಾಂಕ್ ಅವರು ಎಲೆ, ಹೂ, ಹಕ್ಕಿಗಳು ತುಂಬಿ ತುಳುಕುವ ಬಟ್ಟೆಗಳಿಂದಲೇ ಹೆಸರಾದವರು. ಸರಳತೆಯೆಂದರೆ ಚಿತ್ತಾರವೇ ಕೂಡದು ಎಂದು ಸ್ವೀಡನ್ನಿನವರೂ ಅಂದುಕೊಂಡಿಲ್ಲ.

ಗಿಡಗಳ ಬಗ್ಗೆ ನಿಮ್ಮ ಮಗಳಿಗೆ ಒಂದು ಮಾತು. ಅಲ್ಲಿಯ ಕಿಟಕಿಗಳಲ್ಲಿ ಅವಳು ಕಂಡ ಮಾನ್‌ಸ್ಟೆರಾ ಮಧ್ಯ ಅಮೆರಿಕದ ಉಷ್ಣ ಕಾಡಿನದು, ರಬ್ಬರ್ ಗಿಡ ನಮ್ಮ ಈಶಾನ್ಯದ ಕಾಡಿನದು, ಆಲ ಮತ್ತು ಅತ್ತಿಯ ಹತ್ತಿರದ ನೆಂಟ. ಹಿಮದ ದೇಶದವರು ನಮ್ಮ ಕಡೆಯ ಮರವನ್ನು ಕುಂಡದಲ್ಲಿ ಸಾಕುತ್ತಿದ್ದಾರೆ. ಅದನ್ನು ನಾವು ಅವರ ಶೈಲಿಯೆಂದು ಹಣ ಕೊಟ್ಟು ತರುತ್ತೇವೆ. ಕಡಿಮೆ ನೀರಿಗೆ ಬದುಕುವ ಹಾವಿನ ಗಿಡ, ಮನಿ ಪ್ಲಾಂಟ್ ಒಳಗಿರಲಿ, ಲೋಳೆಸರ ಕಿಟಕಿಯ ಬಳಿಯಿರಲಿ. ಗಿಡಗಳು ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತಿಗೆ ಮೂಲವಾದ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಕಿಟಕಿ ತೆರೆದಿರುವ ಮನೆಯಲ್ಲಿ ನಾಲ್ಕು ಕುಂಡಗಳಿಂದ ಅಂಥ ಫಲವಿಲ್ಲ. ಕುಂಡದ ಕೆಳಗಿನ ತಟ್ಟೆಯ ನೀರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಒರೆಸಬೇಕು, ಡೆಂಗೆ ಹರಡುವ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು.

ಕುಂಡಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಫಿನ್‌ಲೆಂಡಿನವರ ಇನ್ನೊಂದು ರೂಢಿ. ರೈ ಧಾನ್ಯದ ಒಣ ಹುಲ್ಲುಕಡ್ಡಿಗಳನ್ನು ದಾರದಲ್ಲಿ ಪೋಣಿಸಿ, ಗಾಳಿಗೆ ತಿರುಗುವ ಹಿಮ್ಮೆಲಿ ಎಂಬ ಅಲಂಕಾರವನ್ನು ಮಾಡಿ, ಮುಂದಿನ ಬೆಳೆ ಚೆನ್ನಾಗಿ ಬರಲೆಂದು ಊಟದ ಮೇಜಿನ ಮೇಲೆ ತೂಗುಹಾಕುತ್ತಾರೆ. ನಮ್ಮಲ್ಲಿ ಅದೇ ಆಸೆಯಿಂದ ಭತ್ತದ ತೆನೆಯ ತೋರಣ ಹೆಣೆದು ಬಾಗಿಲಿಗೆ ಕಟ್ಟುತ್ತಾರೆ, ಭದ್ರಾ ನಾಲೆಯ ಭತ್ತ ನಿಮ್ಮ ಊರಿನ ಸುತ್ತಲೇ ಇದೆ. ಪ್ರಕೃತಿ ಮನೆಯೊಳಗೆ ಬರಬೇಕೆಂದರೆ ಋತು ಬದಲಾದದ್ದು ಮನೆಯೊಳಗೆ ತಿಳಿಯಬೇಕು. ಒಂದು ಮಣ್ಣಿನ ಹೂಜಿಯನ್ನು ಆ ಕಲ್ಲುಕಟ್ಟೆಯ ಮೇಲಿಡಿ: ಮಾಘ ಕಳೆಯುವಾಗ ಮುತ್ತುಗದ ಕೊಂಬೆ, ಯುಗಾದಿಗೆ ಬೇವಿನ ಹೂಗೊಂಚಲು, ವೈಶಾಖದಲ್ಲಿ ಕಕ್ಕೆಯ ಹಳದಿ, ದಸರೆಗೆ ಬನ್ನಿ, ಸುಗ್ಗಿಗೆ ಜೋಳದ ತೆನೆ. ಖರ್ಚಿಲ್ಲ, ಮತ್ತು ಈ ಒಂದು ಕೆಲಸವನ್ನು ಅತ್ತೆ, ಮೊಮ್ಮಗಳು ಇಬ್ಬರೂ ಸೇರಿ ಮಾಡಬಹುದು; ಯಾವ ಮರ ಯಾವಾಗ ಹೂ ಬಿಡುತ್ತದೆಂದು ಹೇಳುವುದು ಅತ್ತೆಯವರ ಪಾಲು.

ಹಣವನ್ನು ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ತಾರಸಿಯ ಬಿಳಿ ಲೇಪನ, ಮೆಟ್ಟಿಲ ಮೇಲಿನ ಕಿಟಕಿ, ಪಶ್ಚಿಮದ ತಟ್ಟಿ, ಆಮೇಲೆ ದೀಪಗಳ ತಂತಿ, ಏಕೆಂದರೆ ಅದು ಸುಣ್ಣಕ್ಕೆ ಮುಂಚೆಯೇ ಗೋಡೆಯೊಳಗೆ ಹೋಗಬೇಕು, ಆಮೇಲೆ ಸುಣ್ಣ, ಕೊನೆಗೆ ಉಳಿದದ್ದರಲ್ಲಿ ಮರ. ಪೀಠೋಪಕರಣವನ್ನು ಒಂದೇ ಸಲ ತುಂಬಬೇಡಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಆ ಮನೆಯಲ್ಲಿ ಕಳೆದು, ಜನ ತಾವಾಗಿ ಎಲ್ಲಿ ಕೂರುತ್ತಾರೆಂದು ನೋಡಿ ಮಾಡಿಸಿ. ಆ ದೊಡ್ಡ ಗಾಜಿಗೆ ಮುಂಗಡ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿದ್ದರೆ ಈ ವಾರವೇ ಹೋಗಿ, ಅಷ್ಟೇ ಗಾಜನ್ನು ಮೆಟ್ಟಿಲ ಮೇಲಿನ ಉತ್ತರದ ಕಿಟಕಿಯ ಅಳತೆಗೆ ಕತ್ತರಿಸಿಕೊಡಲು ಕೇಳಿ. ಗಟ್ಟಿಗೊಳಿಸಿದ ಗಾಜಾದರೆ ಒಮ್ಮೆ ಕುಲುಮೆಗೆ ಹೋಗಿ ಬಂದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ.